ಸೇತುವೆ ಪಕ್ಕದ ಆ ಮರ

1862ರ ಸೆಪ್ಟೆಂಬರ್‌ನಲ್ಲಿ ತೆಗೆದ ಒಂದು ಫೋಟೋ ಇದೆ. ಕಲ್ಲಿನ ಸೇತುವೆ, ಮೂರು ಕಮಾನು, ಕೆಳಗೆ ಹೊಳೆ. ಸೇತುವೆಯ ಒಂದು ಕೊನೆಯಲ್ಲಿ, ಗೋಡೆಯ ಪಕ್ಕದಲ್ಲಿ, ಒಂದು ಎಳೆಯ ಮರ. ಅದನ್ನು ತೋರಿಸೋದಕ್ಕೆ ಅಂತ ಆ ಫೋಟೋ ತೆಗೆದಿದ್ದಲ್ಲ. ತೆಗೆದವರಿಗೆ ಬೇಕಿದ್ದದ್ದು ಸೇತುವೆ. ಕೆಲವೇ ದಿನ ಮುಂಚೆ ಅದನ್ನು ದಾಟುವ ಪ್ರಯತ್ನದಲ್ಲಿ ನೂರಾರು ಜನ ಬಿದ್ದಿದ್ದರು. ಮರ ಸುಮ್ನೆ ಚೌಕಟ್ಟಿನೊಳಗೆ ಬಂದುಬಿಟ್ಟಿದೆ, ಅಷ್ಟೆ.

ಆ ಮರ ಇವತ್ತಿಗೂ ಅಲ್ಲೇ ಇದೆ. ಸಿಕಮೋರ್ ಅಂತ ಕರೆಯುತ್ತಾರೆ. ನೀಲಗಿರಿ ಮರದ ಹಾಗೆ ಸಿಪ್ಪೆ ಬಿಡುತ್ತದೆ, ಒಳಗಿನಿಂದ ಬಿಳಿ ಕಾಣುತ್ತದೆ. ಈಗ ಅದು ಎಷ್ಟು ದೊಡ್ಡದಾಗಿದೆ ಅಂದರೆ ಸೇತುವೆಗಿಂತ ಮೊದಲು ಕಣ್ಣಿಗೆ ಬೀಳೋದೇ ಅದು.

ಈ ಮರದಿಂದಲೇ ನನಗೆ ಈ ಹುಚ್ಚು ಹತ್ತಿದ್ದು. ಹಳೆಯ ಫೋಟೋ ತೆಗೆದವನು ಎಲ್ಲಿ ನಿಂತಿದ್ದನೋ ಅಲ್ಲೇ ನಿಂತು ಹೊಸ ಫೋಟೋ ತೆಗೆಯಬೇಕು, ಆಮೇಲೆ ಎರಡನ್ನೂ ಒಂದರ ಮೇಲೊಂದು ಕೂರಿಸಿ ಒಂದೇ ಚಿತ್ರ ಮಾಡಬೇಕು. ಕೇಳೋದಕ್ಕೆ ಸುಲಭ ಅನ್ನಿಸುತ್ತೆ. ನನಗೆ ಎರಡು ಸಲ ಹೋಗಬೇಕಾಯಿತು, ಎರಡನೇ ಸಲ ಅಪ್ಪ ಜೊತೆಗಿಲ್ಲದಿದ್ದರೆ ಆಗಲೂ ಆಗುತ್ತಿರಲಿಲ್ಲ.

ಜಾಗದ ಹೆಸರು ಆಂಟೀಟಮ್. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಶಾರ್ಪ್ಸ್‌ಬರ್ಗ್ ಅನ್ನೋ ಪುಟ್ಟ ಊರಿನ ಪಕ್ಕ ಹರಿಯುವ ಹೊಳೆಯ ಹೆಸರು ಅದು. ವಾಷಿಂಗ್ಟನ್‌ನ ಹೊರವಲಯದಲ್ಲಿರುವ ನಮ್ಮ ಮನೆಯಿಂದ ಕಾರಿನಲ್ಲಿ ಒಂದೂವರೆ ತಾಸಿನ ದಾರಿ. ಸುತ್ತ ಜೋಳದ ಹೊಲ, ಮರದ ಬೇಲಿ, ಅಲ್ಲೊಂದು ಇಲ್ಲೊಂದು ತೋಟದ ಮನೆ. ಏನೂ ಗೊತ್ತಿಲ್ಲದೆ ಹೋದವರಿಗೆ ಒಂದು ಚೆಂದದ ಹಳ್ಳಿಗಾಡು ಅಷ್ಟೆ ಅನ್ನಿಸಬಹುದು.

ಆದರೆ 1862ರ ಸೆಪ್ಟೆಂಬರ್ 17ರಂದು ಇಲ್ಲಿ ನಡೆದದ್ದು ಅಮೆರಿಕದ ಅಂತರ್ಯುದ್ಧದ ಒಂದೇ ದಿನದ ಕಾಳಗ. ಬೆಳಗಿನ ಜಾವ ಶುರುವಾಗಿ ಸಂಜೆಗೆ ಮುಗಿಯಿತು. ಅಷ್ಟರಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಸುಮಾರು 23,000 ಜನ. ಅಮೆರಿಕದ ಚರಿತ್ರೆಯಲ್ಲಿ ಒಂದೇ ದಿನದಲ್ಲಿ ಇಷ್ಟು ರಕ್ತ ಹರಿದದ್ದು ಇನ್ನೊಂದಿಲ್ಲ. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕು ಅಂತ ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೋಗಿ ಒಂದೂವರೆ ವರ್ಷ ಆಗಿತ್ತು. ಅವರ ದಂಡನಾಯಕ ರಾಬರ್ಟ್ ಇ. ಲೀ ಪೊಟೊಮ್ಯಾಕ್ ನದಿ ದಾಟಿ ಉತ್ತರದವರ ನೆಲಕ್ಕೇ ಬಂದಿದ್ದ. ಅವನ ದಂಡು ಎಲ್ಲೆಲ್ಲಿ ಹಂಚಿಹೋಗಿದೆ ಅಂತ ಬರೆದಿದ್ದ ಆಜ್ಞೆಯ ಒಂದು ಪ್ರತಿ ಮೂರು ಚುಟ್ಟಗಳಿಗೆ ಸುತ್ತಿದ ಸ್ಥಿತಿಯಲ್ಲಿ ಹೊಲವೊಂದರಲ್ಲಿ ಬಿದ್ದಿತ್ತು. ಅದು ಉತ್ತರದ ಸೈನಿಕರ ಕೈಗೆ ಸಿಕ್ಕಿತು. ಅಂಥ ಕಾಗದ ಕೈಗೆ ಬಂದರೂ ಉತ್ತರದ ದಂಡನಾಯಕ ಮೆಕ್ಲೆಲನ್ ನಿಧಾನ ಮಾಡಿದ. ಕಾಳಗ ಮುಗಿದ ಮರುದಿನ ರಾತ್ರಿ ಲೀ ನದಿ ದಾಟಿ ಹಿಂದಕ್ಕೆ ಹೋದ. ಕಾಳಗ ಆದ ಐದು ದಿನಕ್ಕೆ, ಸೆಪ್ಟೆಂಬರ್ 22ರಂದು, ಲಿಂಕನ್ ಒಂದು ಘೋಷಣೆ ಹೊರಡಿಸಿದರು. ಬಂಡೆದ್ದ ರಾಜ್ಯಗಳು ವರ್ಷದ ಕೊನೆಯೊಳಗೆ ಒಕ್ಕೂಟಕ್ಕೆ ಮರಳದಿದ್ದರೆ 1863ರ ಜನವರಿ 1ರಿಂದ ಅಲ್ಲಿನ ಗುಲಾಮರೆಲ್ಲ ಸ್ವತಂತ್ರರು ಅಂತ. ಆ ಘೋಷಣೆಗೆ ಒಂದು ಗೆಲುವು ಬೇಕು ಅಂತ ಅವರು ಕಾಯುತ್ತಿದ್ದರು. ಆ ಗೆಲುವು ಇದು.

ಸೇತುವೆಯ ಕಥೆ ಮಧ್ಯಾಹ್ನದ್ದು. ಎದುರಿನ ಕಡಿದಾದ ದಿಬ್ಬದ ಮೇಲೆ ದಕ್ಷಿಣದ ಕಡೆಯ, ಜಾರ್ಜಿಯಾ ರಾಜ್ಯದ ಸುಮಾರು 500 ಬಂದೂಕುಗಾರರು. ಈ ಕಡೆ ಬರ್ನ್‌ಸೈಡ್ ಅನ್ನೋ ಉತ್ತರದ ದಂಡನಾಯಕನ ಸಾವಿರಾರು ಜನ. ಸೇತುವೆಯ ಅಗಲ ಸುಮಾರು 12 ಅಡಿ. ಎಷ್ಟೇ ಜನ ಇದ್ದರೂ ಆ 12 ಅಡಿಯಲ್ಲೇ ನುಗ್ಗಬೇಕು. ಮೂರು ತಾಸು ಹಿಡಿಯಿತು. ಆ ದಿಬ್ಬದ ಮೇಲೆ ನಿಂತು ಕೆಳಗೆ ನೋಡಿದರೆ ಪುಸ್ತಕ ಓದುವ ಅಗತ್ಯವೇ ಬೀಳಲ್ಲ. ಸೇತುವೆ ಅಂಗೈ ಮೇಲಿಟ್ಟ ಹಾಗೆ ಕಾಣುತ್ತದೆ.

ಫೋಟೋದ ವಿಷಯಕ್ಕೆ ಬರುತ್ತೇನೆ. ಕಾಳಗ ಆದ ಎರಡು ದಿನಕ್ಕೆ ಅಲೆಕ್ಸಾಂಡರ್ ಗಾರ್ಡ್ನರ್ ಅನ್ನೋ ಸ್ಕಾಟ್ಲೆಂಡ್ ಮೂಲದ ಫೋಟೋಗ್ರಾಫರ್ ಇಲ್ಲಿ ಕೆಲಸ ಶುರು ಮಾಡಿದ, ಜೊತೆಗೆ ಜೇಮ್ಸ್ ಗಿಬ್ಸನ್. ಆಗ ಅವರು ಮ್ಯಾಥ್ಯೂ ಬ್ರೇಡಿಯ ಸ್ಟುಡಿಯೋಗೆ ಕೆಲಸ ಮಾಡುತ್ತಿದ್ದರು. ಇನ್ನೂ ಎಷ್ಟೋ ಜನರನ್ನು ಹೂಳಿರಲಿಲ್ಲ. ಸತ್ತವರನ್ನು ಹೂಳುವ ಮುಂಚೆ ಅಮೆರಿಕದ ಒಂದು ಯುದ್ಧಭೂಮಿಯನ್ನು ಕ್ಯಾಮೆರಾ ನೋಡಿದ್ದು ಅದೇ ಮೊದಲು. ಮುಂದಿನ ತಿಂಗಳು ನ್ಯೂಯಾರ್ಕಿನಲ್ಲಿ ಬ್ರೇಡಿಯ ಗ್ಯಾಲರಿ ಆ ಫೋಟೋಗಳನ್ನು ಜನರ ಮುಂದಿಟ್ಟಿತು. ಬ್ರೇಡಿ ಹೆಣಗಳನ್ನು ತಂದು ನಮ್ಮ ಮನೆಯಂಗಳದಲ್ಲಿ, ಬೀದಿಯಲ್ಲಿ ಮಲಗಿಸದಿದ್ದರೂ ಹೆಚ್ಚುಕಡಿಮೆ ಅಂಥದ್ದನ್ನೇ ಮಾಡಿದ್ದಾರೆ ಅಂತ ಅಲ್ಲಿನ ಪತ್ರಿಕೆ ಬರೆಯಿತು.

ಆಗ ಫೋಟೋ ತೆಗೆಯೋದು ಅಂದರೆ ಎಷ್ಟು ಕೆಲಸ ನೋಡಿ. ಗಾಜಿನ ಹಲಗೆಗೆ ಕೊಲೋಡಿಯನ್ ಅನ್ನೋ ಅಂಟು ದ್ರವ ಸವರಬೇಕು, ಅದನ್ನು ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಬೇಕು, ಹಸಿ ಇರುವಾಗಲೇ ಕ್ಯಾಮೆರಾದೊಳಗೆ ಇಟ್ಟು ಫೋಟೋ ತೆಗೆಯಬೇಕು, ಒಣಗುವ ಮುಂಚೆ ಓಡಿ ಬಂದು ಕತ್ತಲೆ ಗಾಡಿಯೊಳಗೆ ತೊಳೆಯಬೇಕು. ಎಲ್ಲ ಕೆಲವೇ ನಿಮಿಷದ ಲೆಕ್ಕ. ಬೆಳಕು ಬೀಳೋದಕ್ಕೇ ಕೆಲವು ಸೆಕೆಂಡು ಬೇಕು, ಹಾಗಾಗಿ ಓಡುವ ಕುದುರೆ, ನುಗ್ಗುವ ಸೈನಿಕ ಯಾವುದೂ ಬರಲ್ಲ. ಅಲುಗಾಡದೆ ಇರೋದು ಮಾತ್ರ ಸ್ಪಷ್ಟವಾಗಿ ಬರುತ್ತದೆ. ಕಲ್ಲು, ಬೇಲಿ, ಮರದ ಬೊಡ್ಡೆ, ಸತ್ತವರು.

ಆ ಗಾಜಿನ ನೆಗೆಟಿವ್‌ಗಳಲ್ಲಿ ಬಹಳಷ್ಟು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ದೊಡ್ಡ ಗಾತ್ರದಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಇದನ್ನು ಓದುತ್ತಿರುವವರು ದಯವಿಟ್ಟು ಒಂದು ಸಲ ಇಳಿಸಿಕೊಂಡು ಜೂಮ್ ಮಾಡಿ ನೋಡಿ. ಗಾಜಿನ ಮೇಲಿನ ವಿವರ ನಂಬೋದಕ್ಕೆ ಆಗಲ್ಲ. ಸೇತುವೆಯ ಒಂದೊಂದು ಕಲ್ಲನ್ನೂ ಎಣಿಸಬಹುದು.

ಮೊದಲ ಸಲ ನಾನು ಒಬ್ಬನೇ ಹೋದೆ, ಅಕ್ಟೋಬರ್‌ನ ಒಂದು ಭಾನುವಾರ. ಫೋಟೋದ ಪ್ರಿಂಟ್ ಕೈಯಲ್ಲಿ. ಸೇತುವೆ ಪ್ರಿಂಟ್‌ನಲ್ಲಿ ಎಷ್ಟು ದೊಡ್ಡದಾಗಿ ಇತ್ತೋ ಅಷ್ಟು ಕಾಣುವವರೆಗೆ ಹಿಂದೆ ಮುಂದೆ ಹೋದೆ, ಸಾಲದ್ದಕ್ಕೆ ಲೆನ್ಸ್ ಜೂಮ್ ಮಾಡಿದೆ. ಸರಿಯಾಯಿತು ಅಂದುಕೊಂಡು ನಲವತ್ತು ಫೋಟೋ ತೆಗೆದೆ. ರಾತ್ರಿ ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಇಟ್ಟರೆ ಯಾವುದೂ ಕೂರಲಿಲ್ಲ. ಒಂದು ಕಮಾನು ಕೂತರೆ ಪಕ್ಕದ್ದು ಕೂರಲ್ಲ. ಗೋಡೆ ಕೂತರೆ ಮರ ಜರುಗುತ್ತದೆ. ಎಳೆದು ಹಿಗ್ಗಿಸಿ ಹೇಗೋ ಹೊಂದಿಸಿದೆ. ಆದರೆ ಸೇತುವೆ ಬಿಸಿಲಿಗೆ ಸೊಟ್ಟಗಾದ ಹಲಗೆ ಹಾಗೆ ಕಂಡಿತು. ಬಿಟ್ಟುಬಿಟ್ಟೆ.

ಮುಂದಿನ ಬೇಸಿಗೆಗೆ ಅಪ್ಪ ಊರಿಂದ ಬಂದರು. ಅಪ್ಪ ಹಾಸನ ಜಿಲ್ಲೆಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಸರ್ವೆಯರ್ ಆಗಿದ್ದವರು. ಹೊಲದ ಬದು, ಬಾಂದು ಕಲ್ಲು, ಚೈನು, ಅಣ್ಣತಮ್ಮಂದಿರ ಜಗಳ, ಇದರಲ್ಲೇ ಅವರ ಕೆಲಸದ ದಿನಗಳೆಲ್ಲ ಕಳೆದವು. ಇಲ್ಲಿ ಮನೆಯಲ್ಲಿ ಕೂತು ಅವರಿಗೆ ಬೇಜಾರು ಬಂದಿತ್ತು. ಸೆಪ್ಟೆಂಬರ್‌ನಲ್ಲಿ ಒಂದು ದಿನ ನನ್ನ ಮೇಜಿನ ಮೇಲಿದ್ದ ಆ ಸೊಟ್ಟ ಚಿತ್ರವನ್ನು ನೋಡಿ, "ಇದೇನು ಮಗಾ ಇದು?" ಅಂದರು. ಹೇಳಿದೆ. ಹಳೆಯ ಫೋಟೋವನ್ನು ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ನೋಡಿದರು.

"ನೀನು ದೊಡ್ಡದು ಚಿಕ್ಕದು ನೋಡಿದ್ದೀಯ. ಅದು ನೋಡಬಾರದು. ಯಾವುದರ ಹಿಂದೆ ಯಾವುದು ಮರೆಯಾಗಿದೆ ಅನ್ನೋದು ನೋಡು."

ಆ ಒಂದು ಮಾತಿನಲ್ಲಿ ಇಡೀ ವಿದ್ಯೆ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲೆನ್ಸ್ ಬದಲಾಯಿಸಿದರೆ, ಜೂಮ್ ಮಾಡಿದರೆ, ಚಿತ್ರ ದೊಡ್ಡದು ಚಿಕ್ಕದು ಆಗುತ್ತದೆ ಅಷ್ಟೆ. ಹತ್ತಿರದ ವಸ್ತು ದೂರದ ವಸ್ತುವನ್ನು ಎಷ್ಟು ಮರೆಮಾಡುತ್ತದೆ ಅನ್ನೋದು ನೀವು ನಿಂತ ಜಾಗದಿಂದ ಮಾತ್ರ ತೀರ್ಮಾನ ಆಗುತ್ತದೆ. ಹೊಲದಲ್ಲಿ ಎರಡು ಕೋಲು ನೆಟ್ಟು, ಒಂದರ ಹಿಂದೆ ಇನ್ನೊಂದು ಪೂರ್ತಿ ಮರೆಯಾಗುವ ಹಾಗೆ ನೀವು ನಿಂತರೆ, ನೀವು ಆ ಎರಡು ಕೋಲಿನ ಗೆರೆ ಮೇಲೆ ಇದ್ದೀರಿ ಅಂತ ಅರ್ಥ. ಇನ್ನೊಂದು ಜೊತೆ ಕೋಲು ಹಾಗೇ ಸೇರಿದರೆ ಎರಡನೇ ಗೆರೆ. ಎರಡೂ ಗೆರೆ ಕೂಡುವ ಜಾಗ ಒಂದೇ ಇರುತ್ತದೆ. ಅಲ್ಲೇ ಕ್ಯಾಮೆರಾ ಇದ್ದದ್ದು.

ಹಳೆಯ ಫೋಟೋದಲ್ಲಿ ಅಂಥ ಎರಡು ಜೊತೆ ಹುಡುಕಬೇಕು, ಮತ್ತು ಅವು ಇವತ್ತಿಗೂ ಇರಬೇಕು. ಕಷ್ಟ ಇರೋದು ಇಲ್ಲೇ. ಬೇಲಿಗಳು ಹೋಗಿವೆ, ಆಮೇಲೆ ಹೊಸದಾಗಿ ಹಾಕಿದ್ದಾರೆ. ಹಿಂದಿನ ದಿಬ್ಬದ ಮೇಲೆ ಮರ ಬೆಳೆದು ಅದರ ಅಂಚು ಕಾಣಲ್ಲ. ಅಪ್ಪ ಆರಿಸಿದ್ದು ಕಮಾನನ್ನೇ. ಕಮಾನಿನ ಒಳಗಿಂದ ನೋಡಿದರೆ ಆಚೆ ಬದಿಯ ಅಂಚು ಒಂದಿಷ್ಟು ಕಾಣುತ್ತದೆ, ಉಳಿದದ್ದನ್ನು ಈಚೆ ಬದಿಯ ಕಲ್ಲು ಮರೆಮಾಡುತ್ತದೆ. ಎಷ್ಟು ಕಾಣುತ್ತದೆ ಅನ್ನೋದು ಒಂದು ಹೆಜ್ಜೆ ಜರುಗಿದರೂ ಬದಲಾಗುತ್ತದೆ. ಅದು ಮೊದಲ ಗೆರೆ. ಎರಡನೆಯದು, ಸೇತುವೆ ಗೋಡೆಯ ಕೊನೆ ಮತ್ತು ಮರ.

"ಆದರೆ ಅಪ್ಪ, ಮರ ಆಗ ಇಷ್ಟು ಸಣ್ಣ ಇತ್ತು, ಈಗ ನೋಡಿದರೆ ಹೀಗಾಗಿದೆ," ಅಂದೆ.

"ದಪ್ಪ ಆಗಿದೆ. ಜರುಗಿಲ್ಲ. ಅದರ ನಡು ಹಿಡಿ," ಅಂದರು.

ನಾವು ಹೋದ ದಿನ ವಾರದ ಮಧ್ಯ, ಜನ ಇರಲಿಲ್ಲ. ಅಪ್ಪ ಪ್ರಿಂಟ್ ಹಿಡಿದು ಹೊಳೆ ದಂಡೆಯಲ್ಲಿ ನಿಂತರು. ನಾನು ಟ್ರೈಪಾಡ್ ಎತ್ತಿಕೊಂಡು ಅವರು ಹೇಳಿದ ಹಾಗೆ ಎಡಕ್ಕೆ, ಬಲಕ್ಕೆ, ಇನ್ನೊಂದು ಗೇಣು ಹಿಂದಕ್ಕೆ. ಹೊಲ ಅಳೆಯುವಾಗ ಚೈನು ಹಿಡಿದವರಿಗೆ ಕೈ ಮಾಡುತ್ತಿದ್ದರಲ್ಲ, ಅದೇ ಕೈ ಸನ್ನೆ. ಚಿಕ್ಕವನಿದ್ದಾಗ ಅವರ ಜೊತೆ ಹೊಲಕ್ಕೆ ಹೋದಾಗ ನೋಡಿದ್ದೆ. ಒಂದು ತಾಸಿಗೂ ಮೇಲಾಯಿತು. ಕೊನೆಗೆ ಕ್ಯಾಮೆರಾ ಎತ್ತರವನ್ನೂ ಸ್ವಲ್ಪ ಇಳಿಸಿದಾಗ, ಕಮಾನಿನೊಳಗಿನ ಅಂಚು ಪ್ರಿಂಟ್‌ನಲ್ಲಿ ಇದ್ದಷ್ಟೇ ಕಂಡಿತು, ಮರದ ನಡು ಗೋಡೆಯ ಕೊನೆಗೆ ಪ್ರಿಂಟ್‌ನಲ್ಲಿದ್ದ ಹಾಗೇ ಕೂತಿತು. ಮೈ ಜುಮ್ ಅಂದಿತು. ಗಾರ್ಡ್ನರ್‌ನ ಮೂರು ಕಾಲಿನ ಸ್ಟ್ಯಾಂಡ್ ಇಲ್ಲೇ ಇತ್ತು, ನೂರ ಅರವತ್ತು ವರ್ಷದ ಹಿಂದೆ ಅವನ ಬೂಟು ಇದೇ ಮಣ್ಣಿನ ಮೇಲೆ ಇತ್ತು ಅನ್ನೋದು ಬಿಟ್ಟು ಬೇರೆ ಏನೂ ತಲೆಯಲ್ಲಿ ಇರಲಿಲ್ಲ.

ಈ ಕೆಲಸ ಮಾಡುವವರಿಗೆ ಉಪಯೋಗ ಆಗಲಿ ಅಂತ ಎರಡು ಮಾತು. ಹಳೆಯ ಕೊಲೋಡಿಯನ್ ಗಾಜು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿತ್ತು. ಹಾಗಾಗಿ ಆ ಫೋಟೋಗಳಲ್ಲಿ ಆಕಾಶ ಬರೀ ಬಿಳಿ, ಹಸಿರು ಎಲೆ ಕಪ್ಪು, ಕೆಂಪು ಅಂತೂ ಪೂರ್ತಿ ಕಪ್ಪು. ನಿಮ್ಮ ಹೊಸ ಬಣ್ಣದ ಫೋಟೋವನ್ನು ಸುಮ್ನೆ ಕಪ್ಪುಬಿಳುಪು ಮಾಡಿದರೆ ಎರಡೂ ಸೇರಲ್ಲ. ಬ್ಲೂ ಚಾನೆಲ್ ಒಂದನ್ನೇ ಉಳಿಸಿ ನೋಡಿ, ತಕ್ಷಣ ಹಳೆಯ ಗಾಜಿನ ಬಣ್ಣಕ್ಕೆ ಹತ್ತಿರ ಬರುತ್ತದೆ. ಇನ್ನೊಂದು, ನೀರು. ಅಲ್ಲಿ ಕೆಲವು ಸೆಕೆಂಡು ಬೆಳಕು ಬಿದ್ದದ್ದರಿಂದ ಹೊಳೆ ನುಣುಪಾಗಿ ಬಂದಿದೆ. ನೀವೂ ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿ ನಿಧಾನವಾಗಿ ತೆಗೆಯಿರಿ. ಸಾಧ್ಯವಾದರೆ ಅದೇ ತಿಂಗಳಲ್ಲಿ, ದಿನದ ಅದೇ ಹೊತ್ತಿಗೆ ಹೋಗಿ, ನೆರಳು ಅದೇ ಕಡೆ ಬೀಳುತ್ತದೆ.

ಮನೆಗೆ ಬಂದು ಎರಡು ಲೇಯರ್ ಒಂದರ ಮೇಲೊಂದು ಇಟ್ಟೆ. ಈ ಸಲ ಏನನ್ನೂ ಎಳೆಯಬೇಕಾಗಲಿಲ್ಲ. ಮೇಲಿನ ಲೇಯರ್ ಅರ್ಧ ಮಸುಕು ಮಾಡಿದಾಗ ಕಂಡದ್ದನ್ನು ನಾನು ಎಣಿಸಿರಲಿಲ್ಲ. 1862ರ ಆ ಸಣ್ಣ ಬೊಡ್ಡೆ ಇವತ್ತಿನ ದೊಡ್ಡ ಬೊಡ್ಡೆಯ ಸರಿಯಾಗಿ ಒಳಗೆ ಕೂತಿತ್ತು. ಆಮೇಲೆ ಹೊಳೆಯಿತು, ಅದು ನಿಜಕ್ಕೂ ಹಾಗೇ ಇದೆ ಅಲ್ವಾ. ಮರ ಒಳಗಿನಿಂದ ಹೊರಗೆ ಉಂಗುರ ಕಟ್ಟಿಕೊಂಡು ಬೆಳೆಯುತ್ತದೆ. ಗಾರ್ಡ್ನರ್ ಕಂಡ ಮರ ಈ ಮರದ ಹೊಟ್ಟೆಯಲ್ಲಿ ಈಗಲೂ ಇದೆ. ನಾನು ಚಿತ್ರದಲ್ಲಿ ಸೇರಿಸಿದ್ದು ಹೊರಗೆ ಆಗಲೇ ಸೇರಿಕೊಂಡಿದ್ದದ್ದನ್ನೇ.

ಚಿತ್ರ ಚೆನ್ನಾಗಿ ಬಂದ ಹುರುಪಿನಲ್ಲಿ ಮುಂದಿನ ವಾರವೇ ಇನ್ನೊಂದು ಜಾಗಕ್ಕೆ ಹೋದೆವು. ಹೇಗರ್ಸ್‌ಟೌನ್ ರಸ್ತೆಯ ಬೇಲಿ. ಆ ಫೋಟೋವನ್ನು ನೀವು ನೋಡಿರಬಹುದು. ರಸ್ತೆ ಪಕ್ಕ ಉದ್ದಕ್ಕೆ ಮರದ ಬೇಲಿ, ಬೇಲಿಯ ಬುಡದಲ್ಲಿ ಸಾಲಾಗಿ ಸತ್ತ ದಕ್ಷಿಣದ ಸೈನಿಕರು. ಈಗ ಅಲ್ಲಿ ಹಳೆಯ ರೀತಿಯಲ್ಲೇ ಬೇಲಿ ಹಾಕಿದ್ದಾರೆ. ಬೇಲಿಯ ಒಂದೊಂದು ಗೂಟವೂ ಹೊಸದು, ಹಿಡಿದುಕೊಳ್ಳೋದಕ್ಕೆ ಗಟ್ಟಿ ಗುರುತು ಕಮ್ಮಿ, ಆದರೂ ರಸ್ತೆಯ ಏರು ತಗ್ಗು ನೋಡಿ ಹೆಚ್ಚುಕಡಿಮೆ ಹತ್ತಿರಕ್ಕೆ ಬಂದೆವು. ನಾನು ಫೋಟೋ ತೆಗೆಯುವಾಗ ಒಬ್ಬರು ಸೈಕಲ್‌ನಲ್ಲಿ ಹಾದುಹೋದರು. ಅವರೂ ಚೌಕಟ್ಟಿನಲ್ಲಿ ಬಂದರು.

ರಾತ್ರಿ ಕೂತು ಸೇರಿಸಿದೆ. ಇವತ್ತಿನ ಹಸಿರು ಹುಲ್ಲಿನ ಮೇಲೆ ಅಂದಿನ ಸತ್ತವರು, ಪಕ್ಕದಲ್ಲಿ ಬಣ್ಣದ ಹೆಲ್ಮೆಟ್ ಹಾಕಿದ ಸೈಕಲ್ ಸವಾರ. ನೋಡಿದರೆ ಯಾರಾದರೂ ಒಂದು ಕ್ಷಣ ಬೆಚ್ಚಿಬೀಳುವ ಚಿತ್ರ. ಇಂಟರ್‌ನೆಟ್‌ನಲ್ಲಿ ಹಾಕಿದರೆ ಬಹಳ ಓಡುತ್ತಿತ್ತು. ನನಗೇ ಗೊತ್ತಿತ್ತು.

ಅಪ್ಪ ಬಂದು ನೋಡಿದರು. ಮುಖ ಸಣ್ಣದಾಯಿತು. "ಇವರನ್ನು ಇಲ್ಲಿಗೆ ಯಾಕೆ ತಂದೆ?" ಅಂತ ಕೇಳಿದರು, ಅಷ್ಟೇ. ಎದ್ದು ಹೋದರು.

ನನಗೆ ಉತ್ತರ ಸಿಗಲಿಲ್ಲ. ಆದರೆ ಗೆಟ್ಟಿಸ್‌ಬರ್ಗ್‌ನ ಒಂದು ಕಥೆ ನೆನಪಾಯಿತು. ಮುಂದಿನ ವರ್ಷ, 1863ರ ಜುಲೈನಲ್ಲಿ, ಅಲ್ಲಿಯೂ ಗಾರ್ಡ್ನರ್‌ನ ತಂಡ ಫೋಟೋ ತೆಗೆಯಿತು. ಅಷ್ಟರಲ್ಲಿ ಅವನು ಬ್ರೇಡಿಯನ್ನು ಬಿಟ್ಟು ವಾಷಿಂಗ್ಟನ್‌ನಲ್ಲಿ ಸ್ವಂತ ಸ್ಟುಡಿಯೋ ತೆರೆದಿದ್ದ. ದೊಡ್ಡ ಬಂಡೆಗಳ ನಡುವೆ ಕಲ್ಲಿನ ಗೋಡೆ, ಅದರ ಹಿಂದೆ ಒಬ್ಬ ಸತ್ತ ದಕ್ಷಿಣದ ಹುಡುಗ, ಗೋಡೆಗೆ ಒರಗಿಸಿಟ್ಟ ಬಂದೂಕು. ತುಂಬ ಪ್ರಸಿದ್ಧ ಫೋಟೋ ಅದು. ಸುಮಾರು ನೂರು ವರ್ಷ ಜನ ಅದನ್ನು ನಂಬಿದ್ದರು. 1970ರ ದಶಕದಲ್ಲಿ ವಿಲಿಯಂ ಫ್ರಾಸನಿಟೊ ಅನ್ನುವ ಸಂಶೋಧಕರು ಹಳೆಯ ಫೋಟೋಗಳನ್ನು ಹಿಡಿದು ಬಂಡೆ ಬಂಡೆ ಹೋಲಿಸಿ ನೋಡಿದರು. ಅದೇ ಹುಡುಗ ಬೇರೆ ಫೋಟೋಗಳಲ್ಲಿ ಆ ಗೋಡೆಯಿಂದ ದೂರ, ಇಳಿಜಾರಿನ ಕೆಳಗೆ ಬಿದ್ದಿದ್ದಾನೆ. ಅಂದರೆ ಫೋಟೋಗ್ರಾಫರ್‌ಗಳು ಚಿತ್ರ ಚೆನ್ನಾಗಿ ಬರಲಿ ಅಂತ ಅವನನ್ನು ಅಲ್ಲಿಂದ ಎತ್ತಿಕೊಂಡು ಬಂದು ಗೋಡೆಯ ಹಿಂದೆ ಮಲಗಿಸಿದ್ದರು. ಆಂಟೀಟಮ್‌ನ ಫೋಟೋಗಳ ಜಾಗಗಳನ್ನು ಹುಡುಕಿಕೊಟ್ಟವರೂ ಇದೇ ಫ್ರಾಸನಿಟೊ. ಅವರು ಅಷ್ಟು ತಾಳ್ಮೆಯಿಂದ ಕೆಲಸ ಮಾಡದಿದ್ದರೆ ನನ್ನಂಥವರು ಎಲ್ಲಿ ಹೋಗಿ ನಿಲ್ಲಬೇಕು ಅಂತಲೇ ತಿಳಿಯುತ್ತಿರಲಿಲ್ಲ.

ಆ ಕಥೆ ಮೊದಲು ಓದಿದಾಗ ನನಗೆ ಗಾರ್ಡ್ನರ್ ಮೇಲೆ ಸಿಟ್ಟು ಬಂದಿತ್ತು. ಸತ್ತವನನ್ನು ಚಿತ್ರಕ್ಕಾಗಿ ಎಳೆದಾಡೋದಾ ಅಂತ. ಈಗ ನನ್ನ ಪರದೆಯ ಮೇಲೆ ಇದ್ದದ್ದು ಏನು? ಹತ್ತು ಹದಿನೈದು ಜನರನ್ನು ಅವರ ನೆಲದಿಂದ ಎತ್ತಿ, ಅವರು ಕಾಣದ ಹುಲ್ಲಿನ ಮೇಲೆ ನಾನೂ ಮಲಗಿಸಿದ್ದೆ. ಮರ ಅಲ್ಲೇ ಇದೆ, ಹಾಗಾಗಿ ಮರವನ್ನು ಸೇರಿಸಿದರೆ ಅದು ನಿಜ. ಸೇತುವೆ ಅಲ್ಲೇ ಇದೆ. ಈ ಜನ ಅಲ್ಲಿಲ್ಲ. ಅವರನ್ನು ಯಾರೋ ಆ ರಸ್ತೆ ಬದಿಯಿಂದ ತೆಗೆದು ಹೂಳಿದ್ದಾರೆ, ಆಮೇಲೆ ಮತ್ತೆ ತೆಗೆದು ಬೇರೆ ಊರಿನ ಸ್ಮಶಾನಕ್ಕೆ ಸಾಗಿಸಿದ್ದಾರೆ. ಶಾರ್ಪ್ಸ್‌ಬರ್ಗ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಅಂತರ್ಯುದ್ಧದಲ್ಲಿ ಸತ್ತ ಉತ್ತರದ 4,776 ಸೈನಿಕರ ಸಮಾಧಿ ಇದೆ. ದಕ್ಷಿಣದವರಿಗೆ ಅಲ್ಲಿ ಜಾಗ ಸಿಗಲಿಲ್ಲ. ಅವರಲ್ಲಿ ಬಹಳ ಜನರ ಹೆಸರೂ ಇಲ್ಲದೆ ಹೋಯಿತು. ನಮ್ಮ ಕಡೆ ಒಬ್ಬ ದನ ಬಿಡಿಸಿಕೊಂಡು ಬರುವಾಗ ಸತ್ತರೂ ಊರವರು ಒಂದು ವೀರಗಲ್ಲು ನಿಲ್ಲಿಸುತ್ತಿದ್ದರು. ಕೆಳಗೆ ಕಾಳಗ, ಮೇಲೆ ಅಪ್ಸರೆಯರು ಕರೆದುಕೊಂಡು ಹೋಗೋದು, ಇನ್ನೂ ಮೇಲೆ ಶಿವನ ಮುಂದೆ ಕೈಮುಗಿದು ಕೂತಿರೋದು. ಸತ್ತವನನ್ನು ಬಿದ್ದ ಜಾಗದಲ್ಲೇ ಬಿಟ್ಟು ಬರುತ್ತಿರಲಿಲ್ಲ, ಕಲ್ಲಿನಲ್ಲಾದರೂ ಒಂದು ಮೆಟ್ಟಿಲು ಮೇಲಕ್ಕೆ ಕಳಿಸುತ್ತಿದ್ದರು. ಅಪ್ಪ ಕೇಳಿದ ಪ್ರಶ್ನೆಯ ಹಿಂದೆ ಅದೂ ಇತ್ತೇನೋ.

ಆ ಚಿತ್ರ ಅಳಿಸಿದೆ. ಬೇರೆಯವರು ಇಂಥ ಚಿತ್ರ ಮಾಡೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯುದ್ಧ ಏನು ಅಂತ ಜನಕ್ಕೆ ಮುಟ್ಟಿಸೋದಕ್ಕೆ ಅದೂ ಒಂದು ದಾರಿ ಇರಬಹುದು. ನನ್ನ ಕೈಯಲ್ಲಿ ಆಗಲ್ಲ. ಆ ಬೇಲಿಯ ಹಳೆಯ ಫೋಟೋ ಮತ್ತು ಹೊಸ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟೆ, ನಡುವೆ ಒಂದು ಬಿಳಿ ಪಟ್ಟಿ ಬಿಟ್ಟೆ. ಅವರು ಅವರ ದಿನದಲ್ಲಿ ಇರಲಿ, ಸೈಕಲ್ ಸವಾರ ತನ್ನ ದಿನದಲ್ಲಿ ಇರಲಿ.

ಮೂರನೆಯದು ಡಂಕರ್ ಚರ್ಚ್. ಬಿಳಿ ಬಣ್ಣದ ಚಿಕ್ಕ ಕಟ್ಟಡ, ಮೇಲೆ ಗೋಪುರ ಇಲ್ಲ. ಗೋಪುರ ಕಟ್ಟೋದು ಆಡಂಬರ ಅಂತ ನಂಬಿದ್ದ ಜರ್ಮನ್ ಮೂಲದ ರೈತರ ಪಂಥ ಅದು. ಯುದ್ಧ ಮಾಡೋದೇ ಪಾಪ ಅಂತಿದ್ದವರು. ಅವರ ಚರ್ಚಿನ ಸುತ್ತಲೇ ಆವತ್ತು ಬೆಳಗಿನ ಕಾಳಗ ನಡೆಯಿತು. ಗಾರ್ಡ್ನರ್‌ನ ಫೋಟೋದಲ್ಲಿ ಮುಂದೆ ಸತ್ತವರು, ಫಿರಂಗಿ ಮದ್ದಿನ ಗಾಡಿ, ಹಿಂದೆ ಈ ಚರ್ಚು. ಇಲ್ಲಿ ನನಗೆ ಬೇರೆ ಥರದ ಪ್ರಶ್ನೆ ಎದುರಾಯಿತು. ಈಗ ಅಲ್ಲಿರುವ ಚರ್ಚು ಆ ಚರ್ಚಲ್ಲ. 1921ರ ಬಿರುಗಾಳಿಗೆ ಹಳೆಯದು ಬಿದ್ದುಹೋಯಿತು. ಕಾಳಗದ ನೂರನೇ ವರ್ಷಕ್ಕೆ, 1962ರಲ್ಲಿ, ಅದೇ ಜಾಗದಲ್ಲಿ, ಉಳಿದಿದ್ದ ಹಳೆಯ ಸಾಮಾನು ಆದಷ್ಟು ಬಳಸಿ ಮತ್ತೆ ಕಟ್ಟಿದರು. ಫೋಟೋ ಒಂದರ ಮೇಲೊಂದು ಇಟ್ಟರೆ ಚೆನ್ನಾಗಿಯೇ ಕೂರುತ್ತದೆ, ಗೆರೆಗೆ ಗೆರೆ. ನಾನು ಆ ಚಿತ್ರದಲ್ಲಿ ಚರ್ಚನ್ನು ಮಾತ್ರ ಸೇರಿಸಿದೆ, ಮುಂದಿನ ನೆಲವನ್ನು ಇವತ್ತಿನದ್ದೇ ಬಿಟ್ಟೆ. ಸೇರಿಸಿದ ಗೆರೆಯನ್ನು ಅಳಿಸಲಿಲ್ಲ. ಅರ್ಧ ಗೋಡೆ 1862, ಅರ್ಧ ಗೋಡೆ 1962. ನೋಡಿದವರಿಗೆ ಕಾಣಬೇಕು.

ಅಪ್ಪನಿಗೆ ಅಲ್ಲಿ ಹಿಡಿಸಿದ್ದು ಬೇರೆಯೇ. ಆ ಚರ್ಚಿಗೆ ಜಾಗ ಬಿಟ್ಟುಕೊಟ್ಟ ರೈತ ಸ್ಯಾಮ್ಯುಯೆಲ್ ಮಮ್ಮಾ. ಅವನ ಮನೆಯನ್ನು ಆವತ್ತು ದಕ್ಷಿಣದ ದಂಡು ಸುಟ್ಟುಹಾಕಿತು, ಉತ್ತರದವರು ಅದರೊಳಗೆ ಅಡಗಿ ಗುಂಡು ಹಾರಿಸಬಾರದು ಅಂತ. ಯುದ್ಧ ಆದಮೇಲೆ ಅವನು ಸರ್ಕಾರದ ಹತ್ತಿರ ಪರಿಹಾರ ಕೇಳಿದರೆ, ಸುಟ್ಟದ್ದು ನಮ್ಮವರಲ್ಲ, ಹಾಗಾಗಿ ಕೊಡೋದಕ್ಕೆ ಬರಲ್ಲ ಅಂದರು. ಮನೆ, ಕಣಜ ಎಲ್ಲ ಕಳೆದುಕೊಂಡು ಅವನು ಮತ್ತೆ ಅಲ್ಲೇ ಮನೆ ಕಟ್ಟಿದ. ಅಪ್ಪ ಆ ಮನೆಯ ಮುಂದೆ ಬೇಲಿ ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದರು. "ಯಾರ ಜಗಳವೋ, ಯಾರ ಹೊಲವೋ. ಅರ್ಜಿ ಹಿಡಿದು ಅಲೆಯೋರು ಮಾತ್ರ ಎಲ್ಲ ಕಡೆ ಒಂದೇ," ಅಂದರು.

ಡಿಸೆಂಬರ್‌ಗೆ ಅಪ್ಪ ಇರಲಿಲ್ಲ, ಹೊರಟುಹೋಗಿದ್ದರು. ಪ್ರತಿ ವರ್ಷ ಆ ತಿಂಗಳಲ್ಲಿ ಒಂದು ರಾತ್ರಿ ಆ ಹೊಲಗಳಲ್ಲಿ ಸುಮಾರು 23,000 ದೀಪ ಹಚ್ಚುತ್ತಾರೆ, ಸತ್ತ, ಗಾಯಗೊಂಡ, ಕಾಣೆಯಾದ ಒಬ್ಬೊಬ್ಬರಿಗೂ ಒಂದು. ಕಾಗದದ ಚೀಲದೊಳಗೆ ಮೇಣದ ಬತ್ತಿ. ಕಾರುಗಳು ನಿಧಾನಕ್ಕೆ ಸಾಲಾಗಿ ಹೋಗುತ್ತವೆ. ನಮ್ಮ ಲಕ್ಷದೀಪೋತ್ಸವದಲ್ಲಿ ಗದ್ದಲ, ಗಂಟೆ, ಜನ. ಅಲ್ಲಿ ಏನೂ ಇಲ್ಲ, ದಿಬ್ಬದಿಂದ ದಿಬ್ಬಕ್ಕೆ ದೀಪ ಮಾತ್ರ. 23,000 ಅನ್ನೋ ಸಂಖ್ಯೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತಾದದ್ದು ಆವತ್ತು ಕಾರಿನ ಕಿಟಕಿಯಿಂದ, ಎಷ್ಟು ದೂರ ಹೋದರೂ ದೀಪ ಮುಗಿಯದೇ ಇದ್ದಾಗ. ಅಲ್ಲಿ ಒಂದೂ ಫೋಟೋ ತೆಗೆಯಲಿಲ್ಲ.

ಸೇತುವೆಯ ಚಿತ್ರದ ಎರಡು ಪ್ರಿಂಟ್ ಮಾಡಿಸಿದ್ದೆ. ಒಂದನ್ನು ಅಪ್ಪ ಊರಿಗೆ ತೆಗೆದುಕೊಂಡು ಹೋದರು. ಇನ್ನೊಂದು ಇಲ್ಲಿ ನಮ್ಮ ಮನೆಯಲ್ಲಿದೆ. ಮೊನ್ನೆ ಚೌಕಟ್ಟು ಹಾಕಿಸೋಣ ಅಂತ ತೆಗೆದು ತಿರುಗಿಸಿದರೆ ಹಿಂದೆ ಪೆನ್ಸಿಲ್‌ನಲ್ಲಿ ಅಪ್ಪ ಒಂದು ನಕ್ಷೆ ಹಾಕಿದ್ದಾರೆ. ಹೊಳೆ, ಸೇತುವೆ, ಮರಕ್ಕೆ ಒಂದು ಸೊನ್ನೆ. ಕಮಾನಿನಿಂದ ಒಂದು ಗೆರೆ, ಮರದ ನಡುವಿನಿಂದ ಇನ್ನೊಂದು ಗೆರೆ, ಅವು ಕೂಡುವಲ್ಲಿ ಒಂದು ಚುಕ್ಕಿ. ಚುಕ್ಕಿಯಿಂದ ಸೇತುವೆ ಗೋಡೆಯ ಕೊನೆಗೆ ಎಷ್ಟು ಹೆಜ್ಜೆ ಅಂತಲೂ ಬರೆದಿದ್ದಾರೆ. ನಾನು ಟ್ರೈಪಾಡ್ ಮಡಚಿಡುವಾಗ ಯಾವಾಗಲೋ ನಡೆದು ಎಣಿಸಿರಬೇಕು. ಕೆಳಗೆ ತಾರೀಖು, ಅದರ ಕೆಳಗೆ ಸರ್ವೆ ಪುಸ್ತಕದಲ್ಲಿ ಹಾಕುತ್ತಿದ್ದ ಅದೇ ಸಹಿ.